ಪಕ್ಕದ ಪುಸ್ತಕ, ಎದುರಿನ ಅಂಗಡಿ

ಗ್ರಂಥವೊಂದನ್ನು ಬರೆದು, ಕೈಯಿಂದ ಹಣ ಹಾಕಿ ಅಚ್ಚು ಮಾಡಿಸಿ, ಪ್ರತಿಗಳ ಕಟ್ಟುಗಳನ್ನು ಮನೆಯ ಅಟ್ಟಕ್ಕೆ ಏರಿಸಿದ ಮೇಲೆ ನಮ್ಮ ಸೀಮೆಯ ಗ್ರಂಥಕರ್ತರು ಸಾಮಾನ್ಯವಾಗಿ ಎರಡು ದೂರುಗಳನ್ನು ಹೇಳುವುದುಂಟು: ಜನರಿಗೆ ಓದುವ ಅಭಿರುಚಿಯೇ ಇಲ್ಲವೆಂಬುದು ಒಂದು; ಅಭಿರುಚಿಯುಳ್ಳ ಕೆಲವರೂ ತಮ್ಮ ಪುಸ್ತಕವನ್ನು ಬಿಟ್ಟು ಅದೇ ವಿಷಯದ ಇನ್ನೊಬ್ಬರ ಪುಸ್ತಕವನ್ನು ಕೊಳ್ಳುತ್ತಾರೆಂಬುದು ಇನ್ನೊಂದು. ಈ ದೂರುಗಳು ಒಂದನ್ನೊಂದು ಅಲ್ಲಗಳೆಯುತ್ತವೆಂಬುದು ಹಾಗಿರಲಿ. ಎರಡರ ಬುಡದಲ್ಲಿಯೂ ಇರುವುದು ವಿಚಾರಿಸದೆ ಬಿಟ್ಟ ಒಂದೇ ಪ್ರಶ್ನೆ. ಪುಸ್ತಕಕ್ಕೆ ಪ್ರತಿಸ್ಪರ್ಧಿ ಯಾವುದು? ಸಮಾನ ವಿಷಯದ ಮತ್ತೊಂದು ಪುಸ್ತಕವೆಂದು ಎಲ್ಲರೂ ಥಟ್ಟನೆ ಉತ್ತರ ಕೊಡುವರು. ಈ ಉತ್ತರವು ಅಪೂರ್ಣವಾದುದೆಂದೂ, ಅನೇಕ ಸಂದರ್ಭಗಳಲ್ಲಿ ತಲೆಕೆಳಗಾದುದೆಂದೂ ನನ್ನ ನಂಬಿಕೆ. ಪುಸ್ತಕವನ್ನು ಕೊಳ್ಳಬಹುದಾಗಿದ್ದ ಮನುಷ್ಯನು ಅದನ್ನು ಕೊಳ್ಳದೆ ಮುಂದಕ್ಕೆ ಹೋದಾಗ ತನ್ನ ಹಣವನ್ನೂ ಹೊತ್ತನ್ನೂ ಯಾವುದಕ್ಕೆ ವಿನಿಯೋಗಿಸಿದನೋ ಅದೇ ಆ ಪುಸ್ತಕದ ನಿಜವಾದ ಪ್ರತಿಸ್ಪರ್ಧಿ. ಪಕ್ಕದಲ್ಲಿಟ್ಟ ಪುಸ್ತಕವು ಬಹುಮಟ್ಟಿಗೆ ಅದರ ನೆರೆಯವನು, ಎಷ್ಟೋ ವೇಳೆ ಬಂಧು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಈ ಸೀಮೆಯನ್ನೇ ಎದುರಿಗಿಟ್ಟುಕೊಂಡು ಈ ಮಾತನ್ನು ಪರೀಕ್ಷಿಸಿ ನೋಡಬೇಕೆಂದು ಇಲ್ಲಿ ಉದ್ದೇಶಿಸಿದ್ದೇನೆ.

ಬಾದಾಮಿಯಿಂದ ಸುಮಾರು ಐದು ಕಿಲೋಮೀಟರು ದೂರದಲ್ಲಿ, ಚೊಳಚಗುಡ್ಡದ ಬಳಿ, ಬನದ ಹುಣ್ಣಿಮೆಗೆ ಬನಶಂಕರಿಯ ತೇರು ಎಳೆದ ಮೇಲೆ ಹೆಚ್ಚುಕಡಿಮೆ ಒಂದು ತಿಂಗಳ ಕಾಲ ನಡೆಯುವ ಜಾತ್ರೆಯು ಈ ವಿಚಾರಕ್ಕೆ ಒದಗಿಸುವಷ್ಟು ಪಾಠವನ್ನು ಯಾವ ವ್ಯಾಪಾರಶಾಸ್ತ್ರದ ಪಠ್ಯವೂ ಒದಗಿಸಲಾರದು. ಹೊಂಡದ ಸುತ್ತಲಿನ ಕಲ್ಲಿನ ಮಂಟಪಗಳ ಸಾಲು, ರೊಟ್ಟಿಯ ಬುಟ್ಟಿಗಳನ್ನು ಮುಂದಿಟ್ಟುಕೊಂಡು ಬಂದವರನ್ನು ಊಟಕ್ಕೆ ಕರೆಯುವ ಹೆಣ್ಣುಮಕ್ಕಳು, ಬಾಗಿಲು ಚೌಕಟ್ಟುಗಳ ಮತ್ತು ಪಾತ್ರೆಗಳ ಅಂಗಡಿಗಳು, ಬೆಂಡು ಬತ್ತಾಸಿನ ರಾಶಿಗಳು, ಇವುಗಳ ನಡುವೆ ನೆಲದ ಮೇಲೆ ತಾಡಪತ್ರಿ ಹಾಸಿ ಹರವಿದ ಪುಸ್ತಕಗಳು. ಆ ಹಾಸಿನ ಮೇಲೆ ಇರುವುದೇನು? ದಪ್ಪ ರಟ್ಟಿನ ಪುರಾಣಗಳು, ಭಜನೆಯ ಪದಗಳ ಕಿರುಹೊತ್ತಗೆಗಳು, ದೇವಿಯ ಮಹಾತ್ಮ್ಯಗಳು, ನಾಟಕದ ಪುಸ್ತಕಗಳು, ಪಂಚಾಂಗ, ಮಕ್ಕಳ ಅಂಕಲಿಪಿ. ಮುದುಕರೊಬ್ಬರು ಕುಕ್ಕುರುಗಾಲಿನಲ್ಲಿ ಕುಳಿತು ಪುರಾಣವೊಂದನ್ನು ಎತ್ತಿಕೊಳ್ಳುವರು. ಮೊದಲ ಪುಟವನ್ನು ನೋಡದೆ ನಡುವಿನಲ್ಲಿ ತೆರೆಯುವರು. ಕೈಯನ್ನು ಪೂರಾ ಚಾಚಿ ಪುಸ್ತಕವನ್ನು ದೂರ ಹಿಡಿದು ಒಂದೆರಡು ಸಾಲುಗಳ ಮೇಲೆ ಕಣ್ಣಾಡಿಸುವರು. ಬೆನ್ನುಕಟ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡುವರು. "ಅಕ್ಷರ ಸಣ್ಣವಾದ್ವು ನೋಡಪಾ, ಕಣ್ಣಿಗೆ ಹತ್ತಂಗಿಲ್ಲ. ದೊಡ್ಡ ಅಕ್ಷರದ್ದು ಐತೇನು?" "ಅದರಾಗ ದೊಡ್ಡ ಅಕ್ಷರದ್ದು ಇಲ್ರೀ ಯಜ್ಜಾ." ಪುಸ್ತಕವು ಇದ್ದಲ್ಲಿಗೇ ಹಿಂದಿರುಗುತ್ತದೆ, ಅಜ್ಜನವರು ಮೊಮ್ಮಗನ ಕೈ ಹಿಡಿದು ಮಿಠಾಯಿ ಅಂಗಡಿಯ ಕಡೆಗೆ ನಡೆಯುವರು.

ಈ ಚಿಕ್ಕ ವ್ಯವಹಾರವನ್ನು ಸ್ವಲ್ಪ ಬಿಡಿಸಿ ನೋಡೋಣ. ಆ ಪುರಾಣವನ್ನು ಸೋಲಿಸಿದುದು ಪಕ್ಕದ ಇನ್ನೊಂದು ಪುರಾಣವಲ್ಲ. ಪಕ್ಕದಲ್ಲಿ ಅದೇ ಪುರಾಣದ ದೊಡ್ಡ ಅಕ್ಷರದ ಮುದ್ರಣವು ಇದ್ದಿದ್ದರೆ ಅಜ್ಜನವರು ಅದನ್ನು ಕೊಳ್ಳುತ್ತಿದ್ದರು. ಆಗ ಈ ಪ್ರಕಾಶಕನು ಸೋತರೂ ಪುಸ್ತಕದ ಅಂಗಡಿಯು ಗೆಲ್ಲುತ್ತಿತ್ತು, ಮುಂದಿನ ವರ್ಷ ಅಜ್ಜನವರು ಅದೇ ಹಾಸಿನ ಮುಂದೆ ಮತ್ತೆ ಕುಳಿತುಕೊಳ್ಳುತ್ತಿದ್ದರು. ಪಕ್ಕದ ಪುಸ್ತಕವು ಇಲ್ಲದಿದ್ದುದರಿಂದಲೇ ಹಣವು ಮಿಠಾಯಿ ಅಂಗಡಿಗೆ ಸಂದಿತು. ನೂರು ಪುಸ್ತಕಗಳು ಹರವಿದ್ದಾಗ ನಿಲ್ಲುವ ಕಾಲು ಹತ್ತು ಪುಸ್ತಕಗಳು ಹರವಿದ್ದಾಗ ನಿಲ್ಲುವುದಿಲ್ಲ. ಈ ಸತ್ಯವನ್ನು ಪುಸ್ತಕದವರಿಗಿಂತ ಚೆನ್ನಾಗಿ ತಿಳಿದವರು ಅದೇ ಜಾತ್ರೆಯಲ್ಲಿ ಡೇರೆ ಹಾಕುವ ವೃತ್ತಿನಾಟಕ ಕಂಪನಿಗಳವರು. ಪರಸ್ಪರ ವೈರಿಗಳಾಗಿರಬೇಕಾದ ಹಲವು ಕಂಪನಿಗಳು ಒಂದೇ ಬಯಲಿನಲ್ಲಿ ಒಂದಕ್ಕೊಂದು ಧ್ವನಿವರ್ಧಕ ಕೇಳುವಷ್ಟು ಸಮೀಪದಲ್ಲಿ ರಂಗಮಂದಿರ ಕಟ್ಟಿ ಬೆಳಗಿನ ಜಾವದವರೆಗೆ ಆಟ ಆಡುವುದೇಕೆ? ಬನಶಂಕರಿಗೆ ಹೋದರೆ ನಾಟಕ ನೋಡಬಹುದೆಂಬ ಪ್ರತೀತಿಯು ಅವೆಲ್ಲವೂ ಕೂಡಿ ಗಳಿಸಿದ ಆಸ್ತಿಯಾದುದರಿಂದ. ದೂರದ ಹಳ್ಳಿಯಿಂದ ಬಂದವರು ಮೊದಲನೆಯ ಆಟವನ್ನು ಒಂದು ಕಂಪನಿಯಲ್ಲಿಯೂ ಎರಡನೆಯದನ್ನು ಇನ್ನೊಂದರಲ್ಲಿಯೂ ನೋಡಿಕೊಂಡು ಹೋಗುವರು. ಕಂಪನಿಯೊಂದು ತನ್ನ ಕಲೆಕ್ಷನ್ನಿನ ಚಿಂತೆಯಲ್ಲಿ ನೆರೆಯ ಕಂಪನಿಯ ನಾಟಕದ ಹೆಸರನ್ನೂ ಅದರ ಹಾಸ್ಯನಟನನ್ನೂ ಲಕ್ಷ್ಯವಿಟ್ಟು ಗಮನಿಸುತ್ತದೆ, ನಿಜ. ಆದರೆ ನೆರೆಯ ಡೇರೆ ಎದ್ದುಹೋಗಲೆಂದು ಹಾರೈಸುವುದಿಲ್ಲ.

ಪ್ರತಿಸ್ಪರ್ಧಿಯನ್ನು ಅರಿತುಕೊಂಡು ಕೆಲಸಮಾಡಿದವರು ಕನ್ನಡದಲ್ಲಿ ಇರಲಿಲ್ಲವೆನ್ನುವಂತಿಲ್ಲ. ಮುಂಬಯಿ ಕರ್ನಾಟಕವೆಂದು ಕರೆಯಲ್ಪಡುತ್ತಿದ್ದ ಈ ಪ್ರಾಂತದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಕ್ಷರಸ್ಥ ಗೃಹಸ್ಥನ ಕೈಯಲ್ಲಿದ್ದ ಪುಸ್ತಕವು ಅನೇಕ ವೇಳೆ ಮರಾಠಿಯದು. ನೋಡುತ್ತಿದ್ದ ನಾಟಕವೂ ಮರಾಠಿ ಮಂಡಳಿಗಳದು. ಮನೆಯಲ್ಲಿ ಕನ್ನಡ, ಓದಿಗೆ ಮರಾಠಿ ಎಂಬ ವಿಚಿತ್ರ ವಿಭಾಗವು ರೂಢಿಯಾಗಿಬಿಟ್ಟಿದ್ದ ಕಾಲದಲ್ಲಿ ಗಳಗನಾಥರೆಂದು ಪ್ರಸಿದ್ಧರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಕನ್ನಡ ಕಾದಂಬರಿಗೆ ಓದುಗರನ್ನು ಸಂಪಾದಿಸುವ ವ್ರತವನ್ನು ತೊಟ್ಟರು. ಕನ್ನಡದ ಬೇರೆ ಕಾದಂಬರಿಕಾರರು ಆಗ ಬೆರಳೆಣಿಕೆಯಷ್ಟಿದ್ದರು. ಅವರೊಡನೆ ಹೋರಾಡಿ ಗೆಲ್ಲುವುದರಲ್ಲಿ ಏನೂ ಅರ್ಥವಿರಲಿಲ್ಲ. ಎದುರಾಳಿ ಯಾರೆಂಬುದನ್ನು ಗಳಗನಾಥರು ತಪ್ಪದೆ ಗುರುತಿಸಿದರು: ಓದುಗನ ಮನಸ್ಸನ್ನು ಹಿಡಿದಿದ್ದ ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿ. ಅದನ್ನು ನಿಂದಿಸುತ್ತ ಕೂರದೆ, ಅದರ ಆಕರ್ಷಣೆಯ ಮೂಲವೆಲ್ಲಿದೆಯೆಂಬುದನ್ನು ಪರಿಶೀಲಿಸಿ, ಆಪಟೆಯವರ ಕೃತಿಗಳನ್ನೇ ಕನ್ನಡಕ್ಕೆ ತಂದರು. ಆ ರುಚಿ ಹತ್ತಿದ ಓದುಗನಿಗೆ ವಿಜಯನಗರದ ಕಥೆಯುಳ್ಳ ಸ್ವತಂತ್ರ ಕೃತಿಯಾದ 'ಮಾಧವ ಕರುಣಾವಿಲಾಸ'ವನ್ನೂ ಕೊಟ್ಟರು. ಎದುರಾಳಿಯ ಬಲವನ್ನು ತನ್ನ ಭಾಷೆಯ ಬಲವಾಗಿ ಪರಿವರ್ತಿಸಿಕೊಂಡ ಈ ವಿವೇಕವನ್ನು ನಮ್ಮ ಸಾಹಿತ್ಯ ಚರಿತ್ರೆಕಾರರು ಕೇವಲ ಭಾಷಾಂತರದ ಅಧ್ಯಾಯದಲ್ಲಿ ಸೇರಿಸಿ ಮುಗಿಸಿಬಿಡುವುದು ಸರಿಯಲ್ಲ. ಅದು ಪುಸ್ತಕ ಪ್ರಸಾರದ ಅಧ್ಯಾಯವೂ ಹೌದು. ಅಗಡಿಯ ಆನಂದವನದಿಂದ 1907ರಲ್ಲಿ 'ಸದ್ಬೋಧ ಚಂದ್ರಿಕೆ'ಯನ್ನು ಹೊರಡಿಸಿ ಕಥೆಯನ್ನು ತಿಂಗಳು ತಿಂಗಳಿಗೆ ಮನೆಬಾಗಿಲಿಗೆ ಮುಟ್ಟಿಸಿದುದೂ, ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿದುದೂ ಇದೇ ಪರಿಜ್ಞಾನದ ಫಲಗಳು. ಊರೂರು ತಿರುಗಿದವನಿಗೆ ಮಾತ್ರವೇ, ಪುಸ್ತಕ ಬೇಡವೆಂದವನು ಅದಕ್ಕೆ ಬದಲಾಗಿ ಏನು ಬೇಕೆನ್ನುತ್ತಾನೆಂಬುದು ಅವನ ಬಾಯಿಂದಲೇ ಕೇಳಸಿಗುತ್ತದೆ.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ಸಂಗತಿಯು ಇನ್ನೂ ಗಹನವಾದುದು. ಬಾಗಲಕೋಟೆ, ಬಾದಾಮಿ, ಹುನಗುಂದ ತಾಲೂಕುಗಳು 1997ರಲ್ಲಿ ಬೇರೆ ಜಿಲ್ಲೆಯಾಗುವವರೆಗೆ ಸೇರಿದ್ದ ಬಿಜಾಪುರದಲ್ಲಿ ವಕೀಲಿ ನಡೆಸುತ್ತಿದ್ದ ಅವರು ಹಸ್ತಪ್ರತಿಗಳನ್ನು ಶೋಧಿಸಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದಾಗ, ಅದೇ ಪ್ರಕಾರದ ಪುಸ್ತಕವು ಎದುರಿಗೆ ನಿಂತು ಸ್ಪರ್ಧಿಸುವಂಥ ಪರಿಸ್ಥಿತಿಯೇ ಇರಲಿಲ್ಲ. ಸ್ಪರ್ಧಿ ಇಲ್ಲದ ಸರಕು ತಾನಾಗಿಯೇ ಮಾರಾಟವಾಗಬೇಕೆಂಬುದು ನಮ್ಮ ಸಾಮಾನ್ಯ ತರ್ಕವಷ್ಟೆ? ಹಾಗಾಗಲಿಲ್ಲ. ಆ ವಚನಗಳು ಮಠಮನೆಗಳ ಜಗಲಿಯ ಮೇಲೆ ತಾಡವೋಲೆಯ ಕಟ್ಟುಗಳಾಗಿ ಪೂಜೆಗೊಳ್ಳುತ್ತಿದ್ದುವು; ಬಿಚ್ಚಿ ಓದಬೇಕಾದ ವಸ್ತುವೆಂಬ ಭಾವನೆಯು ಅಪರೂಪವಾಗಿತ್ತು. ಜನರಿಗೆ ಪರಿಚಿತವಾಗಿದ್ದುದು ಶ್ರಾವಣದಲ್ಲಿ ಗುಡಿಯ ಕಟ್ಟೆಯ ಮೇಲೆ ಒಬ್ಬರು ಓದಿ ಇನ್ನೊಬ್ಬರು ಅರ್ಥ ಹೇಳುವ ಪುರಾಣ ಶ್ರವಣ. ಅಂದರೆ ಹಳಕಟ್ಟಿಯವರ ಪ್ರತಿಸ್ಪರ್ಧಿಯು ಯಾವುದೊಂದು ಗ್ರಂಥವೂ ಅಲ್ಲ, ಪೂಜಿಸಿ ಸುಮ್ಮನಾಗುವ ಮತ್ತು ಕೇಳಿ ತೃಪ್ತರಾಗುವ ಅಭ್ಯಾಸ. ಅದನ್ನು ಎದುರಿಸಲು ಒಂದು ಪುಸ್ತಕವು ಸಾಲದೆಂಬುದನ್ನು ಕಂಡುಕೊಂಡು ಅವರು 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೂ ಮರುವರ್ಷ 'ಶಿವಾನುಭವ' ಪತ್ರಿಕೆಯನ್ನೂ ಸ್ಥಾಪಿಸಿದರು, ಮನೆಯನ್ನು ಮಾರಿದರು, ಬಡತನವನ್ನು ಅಪ್ಪಿಕೊಂಡರು. ಒಂದು ಅಭ್ಯಾಸವನ್ನು ಸೋಲಿಸಲು ಇನ್ನೊಂದು ಅಭ್ಯಾಸವನ್ನೇ ಹುಟ್ಟಿಸಬೇಕಾಗುತ್ತದೆಂದೂ, ಅದಕ್ಕೆ ಬೇಕಾಗುವ ಕಾಲವು ಒಂದು ಪುಸ್ತಕದ ಬಿಡುಗಡೆ ಸಮಾರಂಭದಿಂದ ಆರಂಭವಾಗಿ ಹಾರತುರಾಯಿಯೊಡನೆ ಮುಗಿಯುವಂಥದಲ್ಲವೆಂದೂ ಅವರ ಬಾಳಿನಿಂದ ವಿಶದವಾಗುತ್ತದೆ. ಧಾರವಾಡದಲ್ಲಿ 1933ರಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದ ಜಿ. ಬಿ. ಜೋಶಿಯವರು ಮುಂಗಡ ಚಂದಾ ಕೊಡುವ ಸದಸ್ಯರನ್ನು ಮನೆಮನೆಗೆ ಹೋಗಿ ಕೂಡಿಸಿದುದರ ಹಿಂದೆಯೂ ಇಂಥದೇ ಒಂದು ನಿರ್ಣಯವಿತ್ತೆಂದು ನಾನು ಭಾವಿಸುತ್ತೇನೆ.

ನಾಟಕದ ಪುಸ್ತಕಗಳ ಕಡೆಗೆ ಬರೋಣ. ಈ ಸೀಮೆಯಲ್ಲಿ ಪುರಾಣವನ್ನು ಬಿಟ್ಟರೆ ಬೇಸಾಯದ ಮನೆಯೊಳಕ್ಕೆ ಪ್ರವೇಶಿಸಿದ ಅಚ್ಚಿನ ಪುಸ್ತಕವು ಬಹುಶಃ ಇದೊಂದೇ. ಹುನಗುಂದ ತಾಲೂಕಿನ ಸೂಳೇಭಾವಿಯವರಾದ ಪಿ. ಬಿ. ಧುತ್ತರಗಿಯವರ 'ಸಂಪತ್ತಿಗೆ ಸವಾಲ್' ಕಂಪನಿಯ ರಂಗದ ಮೇಲೆ ಗೆದ್ದು, ಹಳ್ಳಿಹಳ್ಳಿಯ ಹವ್ಯಾಸಿಗಳ ಬಾಯಿಗೆ ಬಿದ್ದು, 1974ರಲ್ಲಿ ಚಲನಚಿತ್ರವೂ ಆಯಿತು. ಹಳ್ಳಿಯ ತರುಣರು ಜಾತ್ರೆಗೊಂದು ನಾಟಕ ಆಡಬೇಕೆಂದು ನಿಶ್ಚಯಿಸಿದರೆ ಪುಸ್ತಕದ ಒಂದೇ ಒಂದು ಪ್ರತಿಯನ್ನು ತರುವರು. ಮಾಸ್ತರರು ಅದನ್ನು ಮುಂದಿಟ್ಟುಕೊಂಡು ಪ್ರತಿಯೊಬ್ಬನ ಪಾರ್ಟನ್ನೂ ನೂರು ಪುಟದ ನೋಟುಪುಸ್ತಕದಲ್ಲಿ ಕೈಬರಹದಿಂದ ಇಳಿಸಿಕೊಡುವರು. ಈಗ ಆ ಕೆಲಸವನ್ನು ಝೆರಾಕ್ಸ್ ಯಂತ್ರವೂ ಮೊಬೈಲಿನ ಕ್ಯಾಮೆರಾವೂ ನಿರ್ವಹಿಸುತ್ತವೆ. ಹೀಗಿರುವಲ್ಲಿ ಒಬ್ಬ ನಾಟಕಕಾರನು ಇನ್ನೊಬ್ಬ ನಾಟಕಕಾರನ ಪುಸ್ತಕದ ಮಾರಾಟವನ್ನು ಕಂಡು ಕರುಬುವುದು ನಿರರ್ಥಕ. ಅವನ ಪುಸ್ತಕದ ಎದುರಾಳಿ ಅವನ ಪುಸ್ತಕದ ನಕಲೇ. ಇದನ್ನು ಮನಗಂಡ ಪ್ರಕಾಶಕನು ಏನು ಮಾಡಬಹುದು? ಹತ್ತು ಪಾತ್ರಗಳ ಪಾರ್ಟುಗಳನ್ನು ಬಿಡಿಬಿಡಿಯಾಗಿ, ಸೂಚನೆಯ ಸಾಲುಗಳೊಡನೆ ಅಚ್ಚುಮಾಡಿ, ಮೂಲಪುಸ್ತಕದ ಜೊತೆಗೆ ಒಂದೇ ಕಟ್ಟಿನಲ್ಲಿ ಇಟ್ಟು ಮಾರಿದರೆ, ಬರೆದುಕೊಳ್ಳುವ ಶ್ರಮಕ್ಕಿಂತ ಅದು ಅಗ್ಗವಾಗಿ ತೋರಿದರೆ, ತಂಡದವರು ಕಟ್ಟನ್ನೇ ಕೊಳ್ಳುವರು.

ಇನ್ನು ಧರ್ಮಾರ್ಥವಾಗಿ ದೊರೆಯುವ ಪುಸ್ತಕದ ವಿಚಾರ. ಗದುಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಪುಸ್ತಕ ಪ್ರಕಟಣೆಯನ್ನೇ ಒಂದು ದಾಸೋಹವೆಂಬಂತೆ ನಡೆಸಿ ಪುಸ್ತಕದ ಸ್ವಾಮಿಗಳೆಂದೇ ಖ್ಯಾತರಾದರು. ಸರಕಾರವು 1993ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಾಹಿತ್ಯವನ್ನು ಹದಿನೈದು ಸಂಪುಟಗಳಲ್ಲಿ ಸುಲಭ ಬೆಲೆಗೆ ಒದಗಿಸಿತು. ಗೋರಖಪುರದ ಗೀತಾ ಪ್ರೆಸ್ 1923ರಿಂದ ಅಗ್ಗದ ಧಾರ್ಮಿಕ ಗ್ರಂಥಗಳನ್ನು ದೇಶದ ಉದ್ದಗಲಕ್ಕೂ ಹರಡಿದೆ. ನಮ್ಮ ಊರುಗಳಲ್ಲಂತೂ ತೀರಿಕೊಂಡ ಹಿರಿಯರ ಶಿವಗಣಾರಾಧನೆಯ ದಿವಸ ವಚನಗಳ ಕಿರುಪುಸ್ತಕವನ್ನು ಬಂದವರ ಕೈಗೆಲ್ಲ ಕೊಡುವ ಸಂಪ್ರದಾಯವು ಬೆಳೆದಿದೆ. ಹೀಗಿರುವಾಗ ಇಳಕಲ್ಲಿನ ಉಪಾಧ್ಯಾಯರೊಬ್ಬರು ನೂರೆಂಟು ವಚನಗಳನ್ನು ಆಯ್ದು, ಅರ್ಥ ಬರೆದು, ನೂರೈವತ್ತು ರೂಪಾಯಿ ಬೆಲೆಯಿಟ್ಟು ಅಂಗಡಿಗೆ ಕಳಿಸಿದರೆ, ಕೊಳ್ಳುವವನಿಲ್ಲವೆಂದು ಸಮಾಜದ ಮೇಲೆ ಸಿಟ್ಟಾಗಬೇಕಾದ ಪ್ರಮೇಯವಿಲ್ಲ. ಆ ಪುಸ್ತಕವನ್ನು ಸಮಾಜವು ಆಗಲೇ ಬಿಟ್ಟಿಯಾಗಿ ಪಡೆದಿದೆ. ಅವರ ಪುಸ್ತಕಕ್ಕೆ ಮಾರ್ಗವೇ ಇಲ್ಲವೆಂದು ಇದರ ಅರ್ಥವಲ್ಲ. ಹಂಚುವ ಕುಟುಂಬವೇ ಅಲ್ಲಿ ಗಿರಾಕಿ. ಒಂದೊಂದಾಗಿ ಐನೂರು ಜನರಿಗೆ ಮಾರಲಾಗದ ಪುಸ್ತಕವನ್ನು, ಹಿರಿಯರ ಭಾವಚಿತ್ರಕ್ಕೆ ಒಂದು ಪುಟ ಬಿಟ್ಟು, ಐನೂರು ಪ್ರತಿಗಳ ಒಂದೇ ಕಟ್ಟಾಗಿ ಒಂದು ಮನೆಗೆ ಒಪ್ಪಿಸಬಹುದು. ಬಿಟ್ಟಿ ಪುಸ್ತಕವನ್ನು ಬೆಲೆಯಿಂದ ಎದುರಿಸುವುದು ಅಸಾಧ್ಯ. ಹಂಚುವವನ ಅಗತ್ಯವನ್ನು ಅರಿತರೆ ಅದೇ ಪದ್ಧತಿಯು ಆಶ್ರಯವಾಗುತ್ತದೆ.

ಬಿಟ್ಟಿ ಹಂಚಿಕೆಯಲ್ಲಿ ಇನ್ನೊಂದು ಬಗೆಯೂ ಇದೆ, ಅದನ್ನು ಹೇಳಲು ಮನಸ್ಸಿಗೆ ನೋವಾಗುತ್ತದೆ. ಬಿಡುಗಡೆಯ ದಿವಸ ವೇದಿಕೆಯ ಮೇಲಿದ್ದವರಿಗೆಲ್ಲ ಒಂದೊಂದು ಪ್ರತಿ. ಬಳಿಕ ಬಂಧುಗಳಿಗೆ, ಸಹೋದ್ಯೋಗಿಗಳಿಗೆ, "ನಮಗೂ ಒಂದು ಪ್ರತಿ ಕೊಡ್ರಿ ಸರ" ಎಂದು ದಾರಿಯಲ್ಲಿ ಭೆಟ್ಟಿಯಾಗಿ ಕೇಳಿದವರಿಗೆ. ಕೇಳುವವರಲ್ಲಿ ಪ್ರೀತಿಯಿಲ್ಲವೆನ್ನಲಾಗದು. ಆದರೆ ಊರಿನಲ್ಲಿ ಆ ಪುಸ್ತಕವನ್ನು ಹಣ ಕೊಟ್ಟು ಕೊಳ್ಳಬಹುದಾಗಿದ್ದ ಜನರೆಲ್ಲರೂ ಈ ವಿಧಾನದಿಂದ ಮೊದಲನೆಯ ವಾರದಲ್ಲಿಯೇ ತೀರಿಹೋಗುತ್ತಾರೆ. ಗ್ರಂಥಕರ್ತನೇ ತನ್ನ ಗ್ರಂಥದ ಅತ್ಯಂತ ಪ್ರಬಲ ಪ್ರತಿಸ್ಪರ್ಧಿಯಾಗಿ ಪರಿಣಮಿಸುತ್ತಾನೆ. ಹಾಗೆಯೇ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿ. ಆಯ್ಕೆಯಾದ ಪುಸ್ತಕದ ಮುನ್ನೂರು ಪ್ರತಿಗಳನ್ನು ಪುಟಗಳ ಲೆಕ್ಕದಿಂದ ನಿಗದಿಯಾದ ದರಕ್ಕೆ ಇಲಾಖೆ ಕೊಳ್ಳುವ ಈ ವ್ಯವಸ್ಥೆಯಿಂದ ಕನ್ನಡ ಪ್ರಕಾಶನವು ಉಸಿರು ಹಿಡಿದುಕೊಂಡಿದೆ ಎಂಬುದನ್ನು ನಾನು ಕೃತಜ್ಞತೆಯಿಂದಲೇ ಒಪ್ಪುತ್ತೇನೆ. ಆದರೂ ಅದರಿಂದ ಒಂದು ಹಾನಿಯು ಒದಗಿದೆ. ಪುಟದ ಲೆಕ್ಕಕ್ಕೆ ಹಣ ಬರುವಲ್ಲಿ ಪುಸ್ತಕವು ದಪ್ಪವಾಗಲು ಹವಣಿಸುತ್ತದೆ. ಅಜ್ಜನವರ ಕಣ್ಣಿಗೆ ಅಕ್ಷರವು ಹತ್ತುತ್ತದೆಯೋ ಇಲ್ಲವೋ ಎಂಬುದನ್ನು ವಿಚಾರಿಸುವ ಕಾರಣವೇ ಉಳಿಯುವುದಿಲ್ಲ. ಪ್ರತಿಸ್ಪರ್ಧಿಯನ್ನು ಅರಿಯುವ ಆವಶ್ಯಕತೆ ತಪ್ಪಿದಲ್ಲಿ ಓದುಗನನ್ನು ಅರಿಯುವ ಆವಶ್ಯಕತೆಯೂ ತಪ್ಪುತ್ತದೆ.

ಸಾಹಿತ್ಯವು ಸರಕಲ್ಲ, ಸಂತೆಯ ಮಾತನ್ನು ಇಲ್ಲಿ ಆಡಕೂಡದು, ಎಂಬ ಆಕ್ಷೇಪವು ಈ ಹೊತ್ತಿಗೆ ಕೆಲವರ ಮನಸ್ಸಿನಲ್ಲಿ ಎದ್ದಿರಬಹುದು. ಆ ಆಕ್ಷೇಪದಲ್ಲಿರುವ ಗೌರವಭಾವಕ್ಕೆ ನಾನು ತಲೆಬಾಗುತ್ತೇನೆ. ಬರೆಯುವಾಗ ಲೇಖಕನು ಸಂತೆಯನ್ನು ಮರೆಯತಕ್ಕದ್ದು, ಅದರಲ್ಲಿ ಸಂದೇಹವಿಲ್ಲ. ಆದರೆ ಬರೆದುದನ್ನು ಅಚ್ಚುಮಾಡಿಸಿ ಬೆಲೆಯನ್ನು ನಮೂದಿಸಿದ ಕ್ಷಣದಲ್ಲಿ ಅವನು ಒಬ್ಬ ಅಪರಿಚಿತನ ದುಡಿಮೆಯ ಒಂದು ಭಾಗವನ್ನು ಕೇಳುತ್ತಿದ್ದಾನೆ. ಬಾಗಲಕೋಟೆಯಲ್ಲಿ ಅಣೆಕಟ್ಟಿನ ಹಿನ್ನೀರಿಗೆ ಓಣಿ ಮುಳುಗಿ ನವನಗರದ ಸೆಕ್ಟರಿಗೆ ಬಂದು ನೆಲಸಿದ ಗೃಹಸ್ಥನಾಗಲಿ, ವಿದ್ಯಾಗಿರಿಯಲ್ಲಿ ಕೋಣೆ ಹಿಡಿದು ಓದುವ ರೈತನ ಮಗಳಾಗಲಿ, ಆ ಹಣದಿಂದ ಬೇರೆ ಏನನ್ನು ಕೊಳ್ಳಬೇಕಾಗಿದೆಯೆಂಬುದನ್ನು ತಿಳಿಯದೆ ಕೇಳುವುದು ಸೌಜನ್ಯವಲ್ಲ. ಆ ಹುಡುಗಿಯು ಅಂಗಡಿಯಲ್ಲಿ ಪೊಲೀಸ್ ಸಬ್‌ ಇನ್‌ಸ್ಪೆಕ್ಟರ್ ಪರೀಕ್ಷೆಯ ಕೈಪಿಡಿಯನ್ನು ಕೊಂಡು, ಕವನ ಸಂಕಲನದ ಮೇಲೆ ಒಮ್ಮೆ ಕೈಯಾಡಿಸಿ ಅಲ್ಲಿಯೇ ಬಿಟ್ಟು ಹೋದರೆ, ಅದು ಅಭಿರುಚಿಯ ಅಭಾವವಲ್ಲ, ಬದುಕಿನ ತುರ್ತು. ಅಂಗಡಿಕಾರನು ಮುಂದಿನ ಸಾಲಿನಲ್ಲಿ ಪರೀಕ್ಷೆಯ ಪುಸ್ತಕಗಳನ್ನಿಟ್ಟು ಸಾಹಿತ್ಯವನ್ನು ಹಿಂದಿನ ಗೋಡೆಗೆ ಸರಿಸಿದರೆ ಅವನನ್ನೂ ದೂರಲಾಗದು. ಆಕೆಯ ಕೈಗೆ ಉಳಿಯುವ ಚಿಲ್ಲರೆಗೆ ನಿಲುಕುವಂತೆ, ಬಸ್ಸಿನ ಪ್ರಯಾಣದ ಹೊತ್ತಿಗೆ ಹೊಂದುವಂತೆ ಆ ಕವನಗಳನ್ನು ಮೂವತ್ತೆರಡು ಪುಟಗಳ ಪುಸ್ತಿಕೆಯಾಗಿ ತಂದಿದ್ದರೆ ಫಲವು ಬೇರೆಯಾಗಬಹುದಿತ್ತು. ಇಂಗ್ಲೆಂಡಿನಲ್ಲಿ ಅಲೆನ್ ಲೇನ್ 1935ರಲ್ಲಿ ಪೆಂಗ್ವಿನ್ ಮಾಲೆಯನ್ನು ಹೊರತಂದಾಗ ಒಂದೊಂದು ಪುಸ್ತಕಕ್ಕೆ ಇಟ್ಟ ಬೆಲೆ ಆರು ಪೆನ್ಸ್, ಅಂದರೆ ಹತ್ತು ಸಿಗರೇಟುಗಳ ಒಂದು ಪೊಟ್ಟಣದ ಬೆಲೆ. ಮಾರಿದ ಸ್ಥಳಗಳಲ್ಲಿ ಮುಖ್ಯವಾದುದು ಪಾತ್ರೆ ಪಡಗ ಆಟಿಗೆ ಮಾರುವ ವುಲ್‌ವರ್ತ್ ಅಂಗಡಿಗಳು. ಇತರ ಪ್ರಕಾಶಕರ ರಟ್ಟಿನ ಪುಸ್ತಕಗಳೊಡನೆ ತನ್ನ ಪುಸ್ತಕವನ್ನು ತೂಗಿ ನೋಡದೆ, ಅದೇ ನಾಣ್ಯಕ್ಕೆ ಮನುಷ್ಯನು ಬೇರೇನು ಕೊಳ್ಳುತ್ತಾನೆಂಬುದನ್ನು ಲೇನ್ ನೋಡಿದನು. ಆ ಮಾಲೆಯಲ್ಲಿ ಹೆಮಿಂಗ್ವೇಯಂಥವರ ಕೃತಿಗಳಿದ್ದುವು. ಬೆಲೆ ಇಳಿದುದರಿಂದ ಅವುಗಳ ಯೋಗ್ಯತೆ ಇಳಿಯಲಿಲ್ಲ.

ಪಕ್ಕದ ಪುಸ್ತಕವು ಯಾವಾಗಲೂ ಮಿತ್ರನೇ ಎಂದು ಸಾಧಿಸಹೊರಟರೆ ಅದು ಅತಿಯಾದೀತು. ಇಳಕಲ್ಲಿನ ಪೇಟೆಯಲ್ಲಿ ಸೀರೆಯ ಅಂಗಡಿಗಳು ಭುಜಕ್ಕೆ ಭುಜ ತಾಗಿಸಿಕೊಂಡು ನಿಂತಿವೆ. ಅಷ್ಟೂ ಅಂಗಡಿಗಳು ಒಂದೆಡೆ ಇರುವುದರಿಂದಲೇ ಮದುವೆಯ ಜವಳಿಗೆಂದು ದೂರದವರು ಆ ಊರಿಗೆ ಬರುತ್ತಾರೆ. ಅಲ್ಲಿಯ ನೇಕಾರನನ್ನು ಕುಂದಿಸುತ್ತಿರುವುದು ನೆರೆಯ ನೇಕಾರನಲ್ಲ, ಇಳಕಲ್ಲ ಸೀರೆಯೆಂಬ ಹೆಸರನ್ನು ಹೊತ್ತು ವಿದ್ಯುತ್ ಮಗ್ಗದಿಂದ ಇಳಿದು ಅರ್ಧ ಬೆಲೆಗೆ ಬರುವ ಅನುಕರಣ. ಅದಕ್ಕೆ ಅವನು ಕೊಡುವ ಉತ್ತರವೇನೆಂಬುದನ್ನು ನೋಡಬೇಕು: ಸೀರೆಯನ್ನು ಬಿಚ್ಚಿ, ಒಡಲಿನ ಹಾಸೂ ಸೆರಗಿನ ಹಾಸೂ ಎಳೆಗೆ ಎಳೆಯಾಗಿ ಕೊಂಡಿ ಹಾಕಿಕೊಂಡು ಸೇರಿರುವ ಜಾಗವನ್ನು ಬೆರಳಿಟ್ಟು ತೋರಿಸುತ್ತಾನೆ, ತೋಪು ತೆನೆಯ ಸೆರಗನ್ನು ಬೆಳಕಿಗೆ ಹಿಡಿಯುತ್ತಾನೆ. ಪುಸ್ತಕಲೋಕದಲ್ಲಿಯೂ ಇಂಥ ಅನುಕರಣಗಳುಂಟು. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಮೇಲೆ ಒಂದು ಪುಸ್ತಕದಿಂದ ಇನ್ನೊಂದಕ್ಕೆ ತಪ್ಪುಗಳ ಸಮೇತವಾಗಿ ಇಳಿದುಬರುವ ಪರಿಚಯ ಪುಸ್ತಿಕೆಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಐಹೊಳೆಯ ಮೇಗುತಿ ಗುಡಿಯ ಗೋಡೆಯ ಮುಂದೆ ನಿಂತು ರವಿಕೀರ್ತಿಯ ಶಾಸನವನ್ನು ಕಣ್ಣಾರೆ ನೋಡಿ, ಗುಹೆಯ ಅಳತೆಯನ್ನು ತಾನೇ ತೆಗೆದು, ನಕ್ಷೆಯನ್ನು ಬರೆಯಿಸಿ ಪ್ರಕಟಿಸಿದ ಲೇಖಕನು ಅನುಕರಣಕ್ಕೆ ಹೆದರಿ ಬೆಲೆ ಇಳಿಸಬಾರದು. ತಾನು ಮಾಡಿದ ಕೆಲಸವನ್ನು ಮೊದಲ ಪುಟಗಳಲ್ಲಿಯೇ ಓದುಗನು ಬೆರಳಿಟ್ಟು ಮುಟ್ಟಿ ನೋಡುವಂತೆ ತೋರಿಸಬೇಕು.

ಬಾದಾಮಿಯ ವಿಷಯವೇ ಬಂದುದರಿಂದ ಒಂದು ಮಾತು. ಮಳೆಗಾಲ ಹಿಂದೆ ಬಿದ್ದು ಚಳಿ ಬಿದ್ದೊಡನೆ ಶಾಲೆಯ ಮಕ್ಕಳ ಪ್ರವಾಸದ ಬಸ್ಸುಗಳು ಗುಹೆಗಳ ಕೆಳಗೆ ಸಾಲುಗಟ್ಟಿ ನಿಲ್ಲುತ್ತವೆ. ಪ್ರತಿಯೊಂದು ಮಗುವಿನ ಕೈಯಲ್ಲಿಯೂ ಮನೆಯವರು ಕೊಟ್ಟ ಸ್ವಲ್ಪ ಹಣವಿರುತ್ತದೆ. ಸಾಯಂಕಾಲದೊಳಗೆ ಅದು ಆಟಿಗೆ, ಕಡಲೆ, ಕುರುಕಲು ತಿಂಡಿಗಳಿಗೆ ಸಲ್ಲುತ್ತದೆ. ಶಕವರ್ಷ 500ರಲ್ಲಿ, ಅಂದರೆ ಕ್ರಿಸ್ತಶಕ 578ರಲ್ಲಿ, ಮಂಗಲೇಶನು ಕೊರೆಯಿಸಿದ ಮೂರನೆಯ ಗುಹೆಯಿಂದ ಇಳಿದುಬರುವ ಹನ್ನೊಂದು ವರ್ಷದ ಹುಡುಗನಿಗೆ, ತಾನು ಈಗತಾನೆ ಕಂಡ ವರಾಹನ ಮತ್ತು ಶೇಷನ ಮೇಲೆ ಕುಳಿತ ವಿಷ್ಣುವಿನ ಕಥೆಯನ್ನು ಚಿತ್ರಗಳೊಡನೆ ಹೇಳುವ ಹದಿನಾರು ಪುಟಗಳ ಕನ್ನಡ ಪುಸ್ತಕವು, ಒಂದು ಆಟಿಗೆಯ ಬೆಲೆಗೆ, ಆ ಮೆಟ್ಟಿಲುಗಳ ಕೆಳಗೆ, ಆ ಎರಡು ಮೂರು ತಿಂಗಳುಗಳಲ್ಲಿ ಸಿಗಬೇಕು. ಇತಿಹಾಸದ ಪ್ರಾಧ್ಯಾಪಕರು ಚಾಲುಕ್ಯರ ಮೇಲೆ ಬರೆಯುವ ಗ್ರಂಥಗಳಿಗೂ ಇದಕ್ಕೂ ಸ್ಪರ್ಧೆಯೇ ಇಲ್ಲ. ಇಪ್ಪತ್ತು ವರ್ಷಗಳ ಮೇಲೆ ಆ ಗ್ರಂಥಗಳನ್ನು ಕೊಳ್ಳುವವನು ಈ ಹುಡುಗನೇ ಆಗಿರಬಹುದು.

ಹೀಗೆ ವಿಚಾರಿಸುತ್ತ ಹೋದಾಗ ಲೇಖಕನಿಗೆ ಅಪ್ರಿಯವಾದ ಒಂದು ನಿರ್ಣಯವೂ ಎದುರಾಗಬಹುದು, ಅದನ್ನು ಮರೆಮಾಡಬಾರದು. ಹುನಗುಂದದಲ್ಲಿ ಒಬ್ಬರು ಮಲಪ್ರಭೆಯ ದಂಡೆಯ ದೇವಾಲಯಗಳ ಮೇಲೆ ಪುಸ್ತಕ ಬರೆದಿದ್ದಾರೆಂದು ಭಾವಿಸೋಣ. ಅವರು ಅಮೀನಗಡದಲ್ಲಿ ಬಸ್ಸುಗಳು ನಿಲ್ಲುವ ಕರದಂಟಿನ ಅಂಗಡಿಗಳನ್ನು ನೋಡಲಿ, ಸಂಕ್ರಾಂತಿಯ ಸುಮಾರಿಗೆ ಕೂಡಲಸಂಗಮಕ್ಕೆ ಬರುವ ಜನರನ್ನು ನೋಡಲಿ, ಅಲ್ಲಿ ಮಾರುವ ಪುಸ್ತಕಗಳ ಗಾತ್ರ, ಅಕ್ಷರ, ಬೆಲೆಗಳನ್ನು ಬರೆದುಕೊಳ್ಳಲಿ, ಇದೆಲ್ಲವೂ ಅಗತ್ಯ. ಆದರೆ ಅದಕ್ಕೂ ಮೊದಲು, ತಮ್ಮ ವಿಷಯದ ಮೇಲೆ ಹಿಂದಿನವರು ಮಾಡಿಟ್ಟ ಕೆಲಸವನ್ನು ತೆರೆದು ಓದಬೇಕು. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯು 1961ರಲ್ಲಿ ಪ್ರಕಟಿಸಿದ, ಎ. ಎಂ. ಅಣ್ಣಿಗೇರಿಯವರು ಇಂಗ್ಲಿಷಿನಲ್ಲಿ ಬರೆದ ಪಟ್ಟದಕಲ್ಲಿನ ದೇವಾಲಯಗಳ ಮಾರ್ಗದರ್ಶಿಯಂಥ ಗ್ರಂಥವನ್ನು ಪೂರ್ತಿಯಾಗಿ ಓದಿ, ತಮ್ಮ ಹಸ್ತಪ್ರತಿಯಲ್ಲಿ ಅದಕ್ಕಿಂತ ಹೆಚ್ಚಿನದು ಏನೂ ಇಲ್ಲವೆಂದು ಅವರ ಅಂತಃಕರಣವು ಹೇಳಿದರೆ, ಹಸ್ತಪ್ರತಿಯನ್ನು ಕೆಲಕಾಲ ಪೆಟ್ಟಿಗೆಯಲ್ಲಿಟ್ಟು, ಸಂಸ್ಥೆಗೊಂದು ಪತ್ರ ಬರೆದು, ಆ ಮಾರ್ಗದರ್ಶಿಯನ್ನು ಕನ್ನಡಿಸಿ ದೊಡ್ಡ ಅಕ್ಷರಗಳಲ್ಲಿ ಅಚ್ಚುಮಾಡಲು ಅನುಮತಿಯನ್ನು ಕೇಳಬೇಕು. ಅನುಮತಿ ದೊರೆತ ಮೇಲೆ ಮೊದಲನೆಯ ಕಟ್ಟನ್ನು ಕೊಂಡೊಯ್ದು ಪಟ್ಟದಕಲ್ಲಿನ ದೇವಾಲಯಗಳ ಹೆಬ್ಬಾಗಿಲ ಬಳಿಯಲ್ಲಿ ಎಳನೀರು ಮಾರುವವರ ಪಕ್ಕದಲ್ಲಿ ಇಡಿಸಬೇಕು.